ಮಳೆ ನಕ್ಷತ್ರ ನೋಡಿ ಕ್ಯಾಮೆರಾ ಕಟ್ಟಿ: ಮಲೆನಾಡಿನಲ್ಲಿ ಜಿಂಕೆ, ಕಡವೆಗೆ ಟ್ರೇಲ್ ಕ್ಯಾಮೆರಾ ಇಡುವ ಬಗೆ

ಮೊದಲ ಟ್ರೇಲ್ ಕ್ಯಾಮೆರಾ (ಪ್ರಾಣಿ ಎದುರಿಗೆ ಬಂದರೆ ತಾನೇ ಫೋಟೊ ತೆಗೆಯುವ ಕ್ಯಾಮೆರಾ) ತಂದ ವರ್ಷ ಅದನ್ನು ಕೆರೆ ಏರಿಯ ಮತ್ತಿ ಮರಕ್ಕೆ ಕಟ್ಟಿದ್ದೆ. ಏಪ್ರಿಲ್ ತಿಂಗಳು. ಹತ್ತೇ ದಿನದಲ್ಲಿ ಜಿಂಕೆ ಬಂತು, ಕಡವೆ ಬಂತು, ಮರಿಗಳನ್ನು ಕಟ್ಟಿಕೊಂಡು ಹಂದಿಯೂ ಬಂತು. ನನಗೆ ಸ್ವರ್ಗಕ್ಕೆ ಮೂರೇ ಗೇಣು. ಇದಕ್ಕಿಂತ ಒಳ್ಳೆಯ ಜಾಗ ಎಲ್ಲಿದೆ ಅಂದುಕೊಂಡು ಕ್ಯಾಮೆರಾವನ್ನು ಅಲ್ಲೇ ಬಿಟ್ಟೆ. ಜುಲೈಯಲ್ಲಿ ಮಳೆ ಒಂದು ದಿನ ಹೊಳವಾದಾಗ ಹೋಗಿ ಕಾರ್ಡ್ ತಂದೆ. ಮೂರು ಸಾವಿರಕ್ಕೂ ಜಾಸ್ತಿ ಫೋಟೊ. ಎಲ್ಲದರಲ್ಲೂ ಒಂದೇ ಕೆಸುವಿನ ಎಲೆ, ಗಾಳಿಗೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ. ಕೊನೆಯ ನೂರಿನ್ನೂರರಲ್ಲಿ ಆ ಎಲೆಯೂ ಇಲ್ಲ. ಲೆನ್ಸಿನ ಒಳಗೆ ನೀರು ಹೊಕ್ಕು ಬರೀ ಬಿಳಿ.

ಅಮ್ಮ ಒಂದೇ ಮಾತು ಹೇಳಿದರು. "ಊರ್ ತುಂಬಾ ನೀರಿರೋವಾಗ ಅವು ಕೆರೆಗ್ಯಾಕೆ ಬರ್ತಾವೋ ಮಾರಾಯ?"

ಅಷ್ಟು ಸಣ್ಣ ವಿಷಯ ನನಗೆ ಹೊಳೆದಿರಲಿಲ್ಲ. ನಮ್ಮ ತೋಟ ಶಿವಮೊಗ್ಗ, ತೀರ್ಥಹಳ್ಳಿ ನಡುವಿನ ಮಂಡಗದ್ದೆ ಆಸುಪಾಸು. ಆಮೇಲಿನ ವರ್ಷಗಳಲ್ಲಿ ಕ್ಯಾಮೆರಾವನ್ನು ಮಳೆ ನಕ್ಷತ್ರದ ಲೆಕ್ಕದಲ್ಲಿ ಜಾಗದಿಂದ ಜಾಗಕ್ಕೆ ಸಾಗಿಸುತ್ತಾ ಬಂದೆ. ಹಾಗೆ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ತೋಟ, ಗದ್ದೆ, ಬ್ಯಾಣ (ಹುಲ್ಲುಗಾವಲು) ಇರುವ ಯಾರು ಬೇಕಾದರೂ ಮಾಡಬಹುದು. ಒಂದು ಕ್ಯಾಮೆರಾ ಇದ್ದರೂ ಸಾಕು. ಎರಡಿದ್ದರೆ ಒಳ್ಳೆಯದು.

ಕಟ್ಟುವ ಮೊದಲು

ಬೇಸರದ ವಿಷಯವನ್ನು ಮೊದಲೇ ಮುಗಿಸುತ್ತೇನೆ. ಕ್ಯಾಮೆರಾ ನಿಮ್ಮದೇ ಜಾಗದಲ್ಲಿರಲಿ. ಮೀಸಲು ಅರಣ್ಯ, ಅಭಯಾರಣ್ಯದ ಒಳಗೆ ಅನುಮತಿ ಇಲ್ಲದೆ ಹೋಗುವುದೇ ತಪ್ಪು, ಕ್ಯಾಮೆರಾ ಕಟ್ಟುವುದು ಇನ್ನೂ ದೊಡ್ಡ ತಪ್ಪು. ಶೆಟ್ಟಿಹಳ್ಳಿ, ಶರಾವತಿ ಕಣಿವೆ, ಸೋಮೇಶ್ವರ, ಭದ್ರಾ, ಎಲ್ಲ ಕಡೆಯೂ ಇದೇ ಮಾತು. ಸೊಪ್ಪಿನ ಬೆಟ್ಟದ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. "ನಮ್ಮ ಬೆಟ್ಟ" ಅಂತ ನಾವು ಬಾಯಲ್ಲಿ ಹೇಳುತ್ತೇವೆ, ಆದರೆ ನಮಗಿರುವುದು ಸೊಪ್ಪು, ದರಕು (ಉದುರಿದ ಒಣ ಎಲೆ) ತರುವ ಸೌಲಭ್ಯ ಮಾತ್ರ. ಅಲ್ಲಿ ಕಟ್ಟುವುದಾದರೆ ಫಾರೆಸ್ಟರ್ ಹತ್ತಿರ ಮೊದಲೇ ಮಾತಾಡಿ. ಬಾಯಿಮಾತಿಗಿಂತ ಒಂದು ಅರ್ಜಿ ಕೊಟ್ಟಿಟ್ಟರೆ ನಾಳೆ ನಿಮಗೇ ಒಳ್ಳೆಯದು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಈಗ ಜಿಂಕೆ ಜಾತಿಯ ಯಾವುದನ್ನೂ ಹೊಡೆಯುವಂತಿಲ್ಲ. ಹೊರದೇಶಗಳಲ್ಲಿ ಈ ಕ್ಯಾಮೆರಾ ಮಾರುವುದೇ ಬೇಟೆಯವರಿಗೆ. ಹಾಗಾಗಿ ಯೂಟ್ಯೂಬಿನಲ್ಲಿ ಸಿಗುವ ಸಲಹೆಗಳಲ್ಲಿ ಅರ್ಧ ನಮಗೆ ಬೇಡದ್ದು. ಉಪ್ಪಿನ ಗಟ್ಟಿ ಇಡಿ, ಜೋಳ ಚೆಲ್ಲಿ ಅನ್ನುತ್ತಾರೆ. ದಯವಿಟ್ಟು ಬೇಡ. ಆಸೆ ತೋರಿಸಿ ಜಿಂಕೆಯನ್ನು ಗದ್ದೆ ಬದಿಗೆ ಕರೆದರೆ ಅದರ ಹಿಂದೆ ಊರ ನಾಯಿ ಬರುತ್ತದೆ, ಉರುಳು ಹಾಕುವವನೂ ಬರುತ್ತಾನೆ. ಬಿದ್ದ ಕೋಡು ಸಿಕ್ಕಿದರೆ ಅದನ್ನೂ ಮನೆಗೆ ತರಬೇಡಿ. ಅದು ಸರ್ಕಾರದ ಸ್ವತ್ತು.

ಇನ್ನೊಂದು. ಹೆಂಗಸರು ಸೌದೆಗೆ, ಸೊಪ್ಪಿಗೆ ಓಡಾಡುವ ದಾರಿ, ಹೊಳೆಯ ಸ್ನಾನದ ಗುಂಡಿ, ಪಕ್ಕದ ಮನೆಯ ಅಂಗಳ, ಇವು ಯಾವುವೂ ಕ್ಯಾಮೆರಾದ ಕಣ್ಣಿಗೆ ಬೀಳಬಾರದು. ಕ್ಯಾಮೆರಾ ಕಟ್ಟಿದ್ದೇನೆ ಅಂತ ಅಕ್ಕಪಕ್ಕದವರಿಗೆ ಹೇಳಿ. ಅಕಸ್ಮಾತ್ ಯಾರದಾದರೂ ಫೋಟೊ ಬಂದರೆ ಅಲ್ಲೇ ಅಳಿಸಿ.

ಯಾವ ಪ್ರಾಣಿಗೆ ಕಟ್ಟುತ್ತೀರಿ?

"ಜಿಂಕೆಗೆ" ಅಂದರೆ ಸಾಲದು. ನಮ್ಮಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲದ ಹಾಗೆ ಬದುಕುವ ನಾಲ್ಕು ಇವೆ.

ಚುಕ್ಕೆ ಜಿಂಕೆ ಗುಂಪಿನ ಪ್ರಾಣಿ. ಅದಕ್ಕೆ ಹುಲ್ಲು ಬೇಕು, ಬಯಲು ಬೇಕು. ಬೆಳಗಿನ ಜಾವ ಮತ್ತು ಸಂಜೆ ಓಡಾಟ ಜಾಸ್ತಿ. ಶಿವಮೊಗ್ಗ, ಶಿಕಾರಿಪುರ, ಭದ್ರಾ ಕಡೆಯ ಎಲೆ ಉದುರುವ ಕಾಡು ಅದಕ್ಕೆ ಹಿತ. ಆಗುಂಬೆ ಕಡೆಯ ಕತ್ತಲೆ ಕಾನಿನಲ್ಲಿ ಚುಕ್ಕೆ ಜಿಂಕೆಗೆ ಕಾದರೆ ಕಾದದ್ದೇ ಬಂತು.

ಕಡವೆ ರಾತ್ರಿಯದು. ದೊಡ್ಡ ಮೈ, ದೊಡ್ಡ ಗಂಡು ಇನ್ನೂರು ಕೆ.ಜಿ. ದಾಟುತ್ತದೆ. ಆದರೆ ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ನೀರು ಮತ್ತು ಕೆಸರು ಅಂದರೆ ಪ್ರಾಣ.

ಕಾಡುಕುರಿ ಒಂಟಿ. ಆಡಿಗಿಂತ ತುಸು ದೊಡ್ಡದು. ಬೊಗಳಿದರೆ ನಾಯಿ ಅಂತಲೇ ಅನ್ನಿಸುತ್ತದೆ. ತೋಟದ ಅಂಚಿನ ಹಕ್ಕಲು, ಕಾಫಿ, ಯಾಲಕ್ಕಿ ಸಾಲು ಅದಕ್ಕೆ ಸಾಕು. ಒಂದೇ ಜಾಡನ್ನು ದಿನಾ ತುಳಿಯುವ ಪ್ರಾಣಿ ಇದು. ಹೊಸಬರು ಇದರಿಂದಲೇ ಶುರು ಮಾಡಿ, ಬೇಗ ಸಿಗುತ್ತದೆ.

ನಾಲ್ಕನೆಯದು ಬರ್ಕ. ಮೂರು ಕೆ.ಜಿ. ತೂಗಿದರೆ ಹೆಚ್ಚು. ಲೆಕ್ಕಕ್ಕೆ ನೋಡಿದರೆ ನಿಜವಾದ ಜಿಂಕೆಯೂ ಅಲ್ಲ, ಕೋಡೇ ಇಲ್ಲ. ನನ್ನ ಕ್ಯಾಮೆರಾಕ್ಕೆ ಇಷ್ಟು ವರ್ಷದಲ್ಲಿ ಸಿಕ್ಕಿದ್ದು ಐದು ಸಲ. ಐದೂ ಸಲ ರಾತ್ರಿ, ಬಿದ್ದ ಮರದ ಬುಡದಲ್ಲಿ.

ಹೆಜ್ಜೆ 1: ಕ್ಯಾಮೆರಾ ಮನೆಯಲ್ಲಿಟ್ಟು ಸುತ್ತಿ ಬನ್ನಿ

ಹೊಸ ಕ್ಯಾಮೆರಾ ಬಂದ ದಿನವೇ ಕಟ್ಟಬೇಕು ಅನ್ನಿಸುತ್ತದೆ. ತಡೆದುಕೊಳ್ಳಿ. ಒಂದು ವಾರ ಬೆಳಿಗ್ಗೆ ಬರಿಗೈಯಲ್ಲಿ ತೋಟದ ಗಡಿ ಸುತ್ತಿ. ನೋಡಬೇಕಾದದ್ದು ಪ್ರಾಣಿಯನ್ನಲ್ಲ, ಅದು ದಾಟುವ ಜಾಗವನ್ನು.

ಮಲೆನಾಡಿನ ತೋಟಕ್ಕೆ ಸುತ್ತ ಅಗಳ (ಕಂದಕ) ಇರುತ್ತದೆ ಅಲ್ವಾ? ಇಡೀ ಅಗಳ ಒಂದೇ ಆಳ ಇರುವುದಿಲ್ಲ. ಎಲ್ಲೋ ಒಂದು ಕಡೆ ಧರೆ ಕುಸಿದು ಮಣ್ಣು ತುಂಬಿರುತ್ತದೆ. ಜಿಂಕೆ, ಕಡವೆ ಎಲ್ಲ ಅಲ್ಲೇ ದಾಟುವುದು. ಅಲ್ಲಿನ ಮಣ್ಣು ನುಣ್ಣಗೆ ಸವೆದಿರುತ್ತದೆ, ಮೇಲಿನ ಬೇರಿನ ಸಿಪ್ಪೆ ಎದ್ದಿರುತ್ತದೆ. ಬೇಲಿಯ ಕಂಡಿ, ಉಣಗೋಲಿನ ಪಕ್ಕದ ಸಂದು, ಹಳ್ಳ ದಾಟುವ ಕಲ್ಲಿನ ಸಾಲು, ಇವೂ ಹಾಗೆಯೇ. ಸುಮ್ನೆ ಕಾಡಿನ ಮಧ್ಯ ನಿಂತು ಚೆಂದದ ಮರ ಹುಡುಕುವುದಕ್ಕಿಂತ ಇಂಥ ಒಂದು ದಾಟು ಸಾವಿರ ಪಾಲು ಮೇಲು. ಕಾಡಿನಲ್ಲಿ ಪ್ರಾಣಿಗೆ ನೂರು ದಾರಿ. ಅಗಳ ದಾಟಲು ಒಂದೇ.

ಹೆಜ್ಜೆ ಗುರುತು ಗೊತ್ತಿರಲಿ. ಕಡವೆಯದು ಎಳೆಗರುವಿನ ಗೊರಸಿನಷ್ಟು. ಚುಕ್ಕೆ ಜಿಂಕೆಯದು ಆಡಿನ ಹೆಜ್ಜೆಯ ಹಾಗೆ, ಮುಂದೆ ಚೂಪು. ಕಾಡುಕುರಿಯದು ಇನ್ನೂ ಸಣ್ಣ. ಬರ್ಕದ್ದು ಹೆಬ್ಬೆರಳಿನ ಉಗುರಿನಷ್ಟು, ಕಣ್ಣಿಟ್ಟು ನೋಡಬೇಕು. ಹಂದಿ ಹೆಜ್ಜೆಯಲ್ಲಿ ಹಿಂದಿನ ಎರಡು ಗೊರಸೂ ಅಗಲಕ್ಕೆ ಮೂಡುತ್ತವೆ, ಅದರಿಂದ ಗುರುತು ಹಿಡಿಯಬಹುದು. ಹೆಜ್ಜೆ ಹೊಸದೋ ಹಳೆಯದೋ ಅನುಮಾನವಾದರೆ ಸಂಜೆ ಆ ಜಾಗವನ್ನು ಸೊಪ್ಪಿನ ಕೊಂಬೆಯಿಂದ ಗುಡಿಸಿ ಬನ್ನಿ. ಬೆಳಿಗ್ಗೆ ಮಣ್ಣೇ ಹೇಳುತ್ತದೆ. ನನ್ನ ಮಟ್ಟಿಗೆ ಇದು ಬ್ಯಾಟರಿ ಬೇಡದ ಮೊದಲ ಕ್ಯಾಮೆರಾ.

ಹೆಜ್ಜೆ 2: ಎತ್ತರ, ದೂರ, ಓರೆ

ಈ ಕ್ಯಾಮೆರಾ ಕಣ್ಣಿಗಿಂತ ಮೊದಲು ಬಿಸಿಯನ್ನು ಗುರುತಿಸುತ್ತದೆ. ಸುತ್ತಲಿನ ಬಿಸಿಗೂ ಪ್ರಾಣಿಯ ಮೈಬಿಸಿಗೂ ವ್ಯತ್ಯಾಸ ಇದ್ದು, ಆ ಬಿಸಿ ಅಲ್ಲಾಡಿದರೆ ಸೆನ್ಸರ್ ಏಳುತ್ತದೆ. ಇದೊಂದು ಗೊತ್ತಿದ್ದರೆ ಉಳಿದದ್ದೆಲ್ಲ ಸುಲಭ.

ಪ್ರಾಣಿ ನೇರ ಎದುರಿಗೆ ನಡೆದು ಬಂದರೆ ಸೆನ್ಸರ್‌ಗೆ ತಡವಾಗಿ ತಿಳಿಯುತ್ತದೆ. ಅಡ್ಡ ಹೋದರೆ ಬೇಗ ತಿಳಿಯುತ್ತದೆ, ಆದರೆ ಫೋಟೊ ತೆಗೆಯುವಷ್ಟರಲ್ಲಿ ಬಾಲ ಮಾತ್ರ ಉಳಿದಿರುತ್ತದೆ. ಹಾಗಾಗಿ ಜಾಡಿಗೆ ಓರೆಯಾಗಿ, ಸುಮಾರು 45 ಡಿಗ್ರಿಗೆ ಕಟ್ಟಿ. ದೂರ 3ರಿಂದ 5 ಮೀಟರ್. ಡಬ್ಬದ ಮೇಲೆ ಇಪ್ಪತ್ತು ಮೀಟರ್, ಮೂವತ್ತು ಮೀಟರ್ ಅಂತ ಬರೆದಿರುತ್ತಾರೆ. ನಮ್ಮ ಪೊದೆಗಳ ನಡುವೆ ಅದನ್ನು ನಂಬಿ ಕೂರಬೇಡಿ.

ಎತ್ತರ ಪ್ರಾಣಿಯ ಎದೆಮಟ್ಟಕ್ಕಿರಲಿ. ಕಡವೆಗೆ ಸುಮಾರು 1 ಮೀಟರ್, ಚುಕ್ಕೆ ಜಿಂಕೆಗೆ 70–80 ಸೆಂ.ಮೀ., ಕಾಡುಕುರಿಗೆ 40–50, ಬರ್ಕಕ್ಕೆ 20–25. ಎಲ್ಲವೂ ಬರುವ ಜಾಗವಾದರೆ ಮೊಣಕಾಲಿನ ಎತ್ತರಕ್ಕೆ ಕಟ್ಟಿ. ಧರೆಯ ಬದಿಯಲ್ಲಿ ಎತ್ತರ ಅಳೆಯುವಾಗ ಒಂದು ಮೋಸ ಇದೆ. ನೀವು ಅಳೆಯುವುದು ಮರದ ಬುಡದಿಂದ. ಪ್ರಾಣಿ ನಡೆಯುವುದು ಎರಡು ಅಡಿ ಕೆಳಗೆ. ಕ್ಯಾಮೆರಾ ಅದರ ಬೆನ್ನಿನ ಮೇಲೆ ಹಾದು ಆಕಾಶ ನೋಡುತ್ತಿರುತ್ತದೆ. ಹಿಂದೆ ಒಂದು ಕಡ್ಡಿ ಸಿಕ್ಕಿಸಿ ಮುಂದಕ್ಕೆ ಬಗ್ಗಿಸಿ.

ಮುಖ ಉತ್ತರಕ್ಕೆ ಇದ್ದರೆ ಒಳ್ಳೆಯದು. ಪೂರ್ವ, ಪಶ್ಚಿಮಕ್ಕೆ ಇಟ್ಟರೆ ಬೆಳಿಗ್ಗೆ ಸಂಜೆ ಸೂರ್ಯ ನೇರ ಕಣ್ಣಿಗೆ ಹೊಡೆಯುತ್ತಾನೆ. ಜಿಂಕೆ ಬರುವುದೂ ಅದೇ ಹೊತ್ತಿಗೆ.

ಕಟ್ಟಿದ ಮೇಲೆ ನೀವೇ ಕುಕ್ಕರುಗಾಲಿನಲ್ಲಿ ಆ ಜಾಡಿನಲ್ಲಿ ನಡೆದು ನೋಡಿ. ಯಾರಾದರೂ ಕಂಡರೆ ನಗುತ್ತಾರೆ, ನಗಲಿ. ತಾರೀಕು, ಗಂಟೆ ಸರಿ ಇದೆಯಾ ನೋಡಿ. ಬೆಳಿಗ್ಗೆ ಆರನ್ನು ಸಂಜೆ ಆರು ಮಾಡಿಟ್ಟು ನಾನು ಒಂದು ಇಡೀ ತಿಂಗಳು ಕಡವೆಗಳು ಹಗಲಲ್ಲೇ ಬರುತ್ತವೆ ಅಂತ ಊರಿಗೆಲ್ಲ ಹೇಳಿಕೊಂಡು ಬಂದಿದ್ದೆ.

ಕೊಳ್ಳುವಾಗ ಒಂದು ಮಾತು ಕೇಳಿ. ರಾತ್ರಿ ದೀಪ 850 ನ್ಯಾನೋಮೀಟರ್‌ನದೋ 940ರದೋ? 850ರದು ದೂರಕ್ಕೆ ಬೀಳುತ್ತದೆ, ಆದರೆ ಹತ್ತುವಾಗ ಮಂದ ಕೆಂಪು ಕಾಣುತ್ತದೆ. 940ರದು ಕಣ್ಣಿಗೆ ಕಾಣುವುದಿಲ್ಲ, ದೂರ ಕಡಿಮೆ. ಊರ ಹತ್ತಿರ ಕಟ್ಟುವುದಾದರೆ 940 ತಗೊಳ್ಳಿ, ಕಳ್ಳರ ಕಣ್ಣಿಗೂ ಬೀಳುವುದಿಲ್ಲ. ಸಿಮ್ ಹಾಕುವ ಕ್ಯಾಮೆರಾ ಬಗ್ಗೆ ಕೇಳುವವರಿಗೆ ನನ್ನ ಮರುಪ್ರಶ್ನೆ: ನಿಮ್ಮ ತೋಟದಲ್ಲಿ ಫೋನ್ ಸಿಗುತ್ತದಾ?

ಬೇಸಿಗೆ: ನೀರು ಮತ್ತು ಉದುರಿದ ಹೂವು

ಫೆಬ್ರವರಿಯಿಂದ ಮೇ ಮೊದಲ ವಾರದವರೆಗೆ ಕೆಲಸ ಸುಲಭ. ನೀರು ಎಲ್ಲಿದೆಯೋ ಅಲ್ಲಿ ಪ್ರಾಣಿ. ಬತ್ತಿದ ಹಳ್ಳದಲ್ಲಿ ಉಳಿದ ಗುಂಡಿ, ಬಂಡೆ ಸಂದಿನ ಒರತೆ, ತೋಟಕ್ಕೆ ನೀರು ಬಿಟ್ಟ ಕಾದಿಗೆ, ಎಲ್ಲವೂ ಜಾಗವೇ. ಭದ್ರಾ ಹಿನ್ನೀರಿನಂಥ ಕಡೆ ನೀರು ಇಳಿದಂತೆ ಬಯಲಾಗುವ ದಂಡೆಯಲ್ಲಿ ಹಸಿರು ಹುಲ್ಲು ಬರುತ್ತದೆ, ಜಿಂಕೆ ಹಿಂಡು ಅಲ್ಲೇ ಇರುತ್ತದೆ. ಅದು ಮೀಸಲು ಪ್ರದೇಶ. ಅಲ್ಲಿಗೆ ಸಫಾರಿ ಹೋಗಿ ಕಣ್ಣಲ್ಲೇ ನೋಡಿ.

ಕ್ಯಾಮೆರಾವನ್ನು ನೀರಿನ ದಡಕ್ಕೇ ಕಟ್ಟಬೇಡಿ. ನೀರಿನ ಹೊಳಪು, ಅದರ ಮೇಲಿನ ಬಿಸಿಲು ಸೆನ್ಸರ್‌ಗೆ ಗೊಂದಲ. ನೀರು ಕುಡಿಯುವ ಪ್ರಾಣಿ ಮೊದಲೇ ಹೆದರಿರುತ್ತದೆ, ಅಲ್ಲಿ ಮನುಷ್ಯನ ವಾಸನೆ ಬಂದರೆ ದಾರಿಯನ್ನೇ ಬಿಡುತ್ತದೆ. ಹದಿನೈದಿಪ್ಪತ್ತು ಮೀಟರ್ ಹಿಂದೆ, ನೀರಿಗೆ ಇಳಿಯುವ ಜಾಡಿನಲ್ಲಿ ಕಟ್ಟಿ.

ನೀರಿಗಿಂತ ನನಗೆ ಇಷ್ಟ ಹೂವಿನ ಮರಗಳು. ಬೂರುಗದ ಕೆಂಪು ಹೂವು ಜನವರಿ ಕೊನೆಯಿಂದ ಉದುರಲು ಶುರುವಾಗುತ್ತದೆ. ಅದರ ದಪ್ಪ ಹೂವನ್ನು ಜಿಂಕೆ, ಕಡವೆ, ಕಾಡುಕುರಿ ಎಲ್ಲವೂ ಹುಡುಕಿಕೊಂಡು ಬಂದು ತಿನ್ನುತ್ತವೆ. ಆಮೇಲೆ ಕೌಲು ಮರದ ಹೂವು, ಅದಾದ ಮೇಲೆ ಶಿವನೆ ಹಣ್ಣು. ಮೇ ಕೊನೆಗೆ ನೇರಳೆ, ಹೆಬ್ಬಲಸು. ಅತ್ತಿ ಮರ ಯಾವಾಗ ಹಣ್ಣು ಬಿಡುತ್ತದೆ ಅಂತ ಹೇಳಲು ಬರುವುದಿಲ್ಲ, ಹಾಗಾಗಿ ಅದನ್ನು ತಿಂಗಳಿಗೊಮ್ಮೆ ತಲೆ ಎತ್ತಿ ನೋಡಬೇಕು. ಮರದ ಮೇಲೆ ಮುಸಿಯ (ಕಪ್ಪು ಮುಖದ ಮಂಗ) ಇದ್ದರೆ ಇನ್ನೂ ಚೆನ್ನ. ಅವು ಅರ್ಧ ತಿಂದು ಅರ್ಧ ಬೀಳಿಸುತ್ತವೆ. ಕೆಳಗೆ ಜಿಂಕೆಗಳು ಕಾದು ನಿಂತಿರುತ್ತವೆ.

ನಿಮ್ಮ ಜಾಗದಲ್ಲಿ ಯಾವ ಮರ ಯಾವ ತಿಂಗಳು ಉದುರಿಸುತ್ತದೆ ಅಂತ ಒಂದು ಹಳೇ ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಳ್ಳಿ. ಎರಡನೇ ವರ್ಷ ಅದರ ಬೆಲೆ ಗೊತ್ತಾಗುತ್ತದೆ.

ಬೇಸಿಗೆಯ ತೊಂದರೆ ಎರಡು. ಒಂದು, ಮಧ್ಯಾಹ್ನದ ಬಿಸಿ. ಶಿವಮೊಗ್ಗ ಸೀಮೆಯಲ್ಲಿ ಬಿಸಿಲು 37–38 ಡಿಗ್ರಿಗೆ ಏರಿದಾಗ ಗಾಳಿಯ ಬಿಸಿಗೂ ಪ್ರಾಣಿಯ ಮೈಬಿಸಿಗೂ ವ್ಯತ್ಯಾಸವೇ ಉಳಿಯುವುದಿಲ್ಲ. ಜಿಂಕೆ ಎದುರಿಗೇ ಹೋದರೂ ಕ್ಯಾಮೆರಾ ಸುಮ್ಮನಿರುತ್ತದೆ. ನೆರಳಲ್ಲಿ ಕಟ್ಟಿ, ಸೆನ್ಸರ್ ಅನ್ನು ಹೈಗೆ ಇಡಿ. ಎರಡು, ಬೆಂಕಿ. ಮರದ ಬುಡದ ಸುತ್ತ ಎರಡು ಮಾರು ದರಕು ಗುಡಿಸಿ. ಬೆಂಕಿ ಬಿದ್ದ ಬ್ಯಾಣದಲ್ಲಿ ಒಂದು ಹದ ಮಳೆ ಬಿದ್ದರೆ ಎಳೆಹುಲ್ಲು ಚಿಗುರುತ್ತದೆ, ಜಿಂಕೆ ಅಲ್ಲಿಗೇ ನುಗ್ಗುತ್ತದೆ. ಅದಕ್ಕಾಗಿ ಬೆಂಕಿ ಹಾಕುವವರೂ ಇದ್ದಾರೆ. ಅವರ ಬಗ್ಗೆ ಇಲ್ಲಿ ಬರೆದರೆ ಬೈಗುಳವಾಗುತ್ತದೆ.

ಭರಣಿ ಮಳೆ: ಜಾಗ ಬದಲಿಸುವ ದಿನ

"ಭರಣಿ ಮಳೆ ಧರಣಿ ಬೆಳೆ" ಅನ್ನುತ್ತಾರೆ. ಏಪ್ರಿಲ್ ಕೊನೆಯಿಂದ ಮೇ ಎರಡನೇ ವಾರದವರೆಗೆ ಭರಣಿ. ಈ ಹೊತ್ತಿನಲ್ಲಿ ಎರಡು ದೊಡ್ಡ ಮಳೆ ಬಿದ್ದವೋ, ಅಲ್ಲಿಗೆ ನೀರಿನ ಗುಂಡಿಯ ಕಥೆ ಮುಗಿಯಿತು. ನಿನ್ನೆಯವರೆಗೆ ಸರದಿಯಲ್ಲಿ ಬರುತ್ತಿದ್ದ ಪ್ರಾಣಿಗಳು ಒಂದೇ ರಾತ್ರಿಗೆ ಚದುರುತ್ತವೆ. ಎಲ್ಲ ತಗ್ಗಿನಲ್ಲೂ ನೀರು, ಎಲ್ಲ ಕಡೆಯೂ ಚಿಗುರು. ನಾನು ಮೊದಲ ವರ್ಷ ಎಡವಿದ್ದು ಇಲ್ಲೇ. ಭರಣಿ ಮಳೆ ಸುರಿದ ಮರುದಿನ ಕ್ಯಾಮೆರಾ ಬಿಚ್ಚಿ ತನ್ನಿ. ಸ್ವಲ್ಪ ಒಣಗಿಸಿ, ರಬ್ಬರ್ ಅಂಚು ನೋಡಿ, ಹೊಸ ಜಾಗಕ್ಕೆ ತಯಾರಿ ಮಾಡಿ.

ಮಳೆಗಾಲ: ಬಯಲಿಗೆ ಬನ್ನಿ

ಆರಿದ್ರೆಯಿಂದ ಆಶ್ಲೇಷದವರೆಗೆ, ಜೂನ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ, ಬಹಳ ಜನ ಕ್ಯಾಮೆರಾವನ್ನು ಡಬ್ಬಕ್ಕೆ ಸೇರಿಸುತ್ತಾರೆ. ತಪ್ಪೇನಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಮೇಲೆ ಮಳೆ. ಆ ಸೀಮೆಯವರು ಎರಡು ತಿಂಗಳು ಬಿಡುವು ಕೊಡುವುದೇ ಲೇಸು. ಶಿವಮೊಗ್ಗದ ಕಡೆ ಬಂದಂತೆ ಮಳೆ ಕಡಿಮೆಯಾಗುತ್ತಾ ಹೋಗುತ್ತದೆ. ನಮ್ಮಂಥ ನಡುವಿನವರು ಒಂದು ಕೈ ನೋಡಬಹುದು.

ಮಳೆ ಹೊಡೆಯುವಾಗ ಕಾಡಿನ ಒಳಗೆ ಮರದಿಂದ ಹನಿ ನಿಲ್ಲುವುದೇ ಇಲ್ಲ. ಆ ಸದ್ದಿನಲ್ಲಿ ಜಿಂಕೆಗೆ ಕಿವಿ ಕೇಳುವುದಿಲ್ಲ, ಚಿರತೆ ಬಂದರೂ ತಿಳಿಯುವುದಿಲ್ಲ. ಜೊತೆಗೆ ಇಂಬಳ (ಜಿಗಣೆ), ನೊಣ. ಹಾಗಾಗಿ ಚುಕ್ಕೆ ಜಿಂಕೆ ಬಯಲಿಗೆ ಬರುತ್ತದೆ. ಬ್ಯಾಣದ ನೆತ್ತಿ, ಹಡ್ಲು ಬಿದ್ದ ಗದ್ದೆ, ಕಾಡಿನ ನಡುವಿನ ಮಣ್ಣು ರಸ್ತೆ, ಇವೆಲ್ಲ ಅದರ ಮಳೆಗಾಲದ ಮನೆ. ಜುಲೈಯಲ್ಲಿ ನಾಟಿ ಆದ ಮೇಲೆ ಗದ್ದೆಯ ಎಳೆ ಸಸಿಯೂ ಅದಕ್ಕೆ ಹಬ್ಬ. ಗದ್ದೆಯ ಮೇಲಂಚಿನ ಒಡ್ಡು, ಕಾಡು ಮುಗಿದು ಗದ್ದೆ ಶುರುವಾಗುವ ಆ ಗಡಿ, ಮಳೆಗಾಲದ ನನ್ನ ಮೊದಲ ಆಯ್ಕೆ. ಎಷ್ಟು ಬಂದವು, ಯಾವ ಕಡೆಯಿಂದ ಬಂದವು ಅಂತ ಗೊತ್ತಾದರೆ ಬೇಲಿಯನ್ನು ಎಲ್ಲಿ ಗಟ್ಟಿ ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ನಮ್ಮನೆಯಲ್ಲಿ ಕ್ಯಾಮೆರಾಕ್ಕೆ ಮರ್ಯಾದೆ ಬಂದದ್ದೇ ಆ ಮೇಲೆ.

ಕಡವೆ, ಕಾಡುಕುರಿ ಬಯಲಿಗೆ ಅಷ್ಟಾಗಿ ಬರುವುದಿಲ್ಲ. ಅವಕ್ಕೆ ಅಗಳದ ದಾಟೇ ಸರಿ. ಆದರೆ ಮಳೆಗಾಲದಲ್ಲಿ ಅಗಳದಲ್ಲಿ ನೀರು ಹರಿಯುತ್ತದೆ. ಹಳೆಯ ದಾಟು ಬಿಟ್ಟು ಮೇಲಿನ ದಾಟು ಹಿಡಿದಿರುತ್ತವೆ. ಮತ್ತೆ ಸುತ್ತಿ ನೋಡಬೇಕು.

ಮಳೆಗೆ ಮಾಡು: ಅಡಿಕೆ ಹಾಳೆಗಿಂತ ಒಳ್ಳೆಯದು ನನಗೆ ಸಿಕ್ಕಿಲ್ಲ. ಒಣ ಹಾಳೆಯನ್ನು ನೆನೆಸಿ, ಒಂದು ಮೊಳ ಕತ್ತರಿಸಿ, ಟೋಪಿಯ ಅಂಚಿನ ಹಾಗೆ ಕ್ಯಾಮೆರಾದ ಮೇಲೆ ಮುಂಚಾಚಿ ಕಟ್ಟಿ. ನಾಲ್ಕು ಬೆರಳು ಮುಂದೆ ಬಂದರೆ ಸಾಕು. ಜಾಸ್ತಿಯಾದರೆ ರಾತ್ರಿಯ ದೀಪ ಹಾಳೆಗೇ ಬಡಿದು ಫೋಟೊ ಬೆಳ್ಳಗಾಗುತ್ತದೆ. ಹಾಳೆಗೆ ಒಂದೇ ಶತ್ರು, ಮೇಯಲು ಬಿಟ್ಟ ದನ. ಎದುರುಮನೆಯ ಕೆಂಪು ಹಸು ನನ್ನ ಮೊದಲ ಹಾಳೆಯನ್ನು ತಿನ್ನುವ ಹದಿನೇಳು ಫೋಟೊ ಇವತ್ತಿಗೂ ನನ್ನ ಹತ್ತಿರ ಇವೆ. ಕೊನೆಯದರಲ್ಲಿ ಅದರ ನಾಲಿಗೆ ಲೆನ್ಸಿನ ಮೇಲಿದೆ.

ಒಳಗೆ ಒಂದು ಸಿಲಿಕಾ ಜೆಲ್ ಪೊಟ್ಟಣ ಇಡಿ. ಅದು ಪೂರ್ತಿ ನೀರು ಹೀರಿದರೆ ಬಿಸಿ ಕಾವಲಿ ಮೇಲೆ ಸಣ್ಣ ಉರಿಯಲ್ಲಿ ಕಾಯಿಸಿ ಮತ್ತೆ ಬಳಸಬಹುದು. ಪೊಟ್ಟಣ ಸಮೇತ ಅಲ್ಲ, ಬಿಚ್ಚಿ ಸುರಿದು. ಮತ್ತೆ ಅಡುಗೆಗೆ ಬಳಸದ ಹಳೆ ಕಾವಲಿ ಆಗಿರಲಿ. ಪಟ್ಟಿಯನ್ನು ಮರಕ್ಕೆ ಸುತ್ತುವಾಗ ಪಟ್ಟಿಗೂ ಕಾಂಡಕ್ಕೂ ನಡುವೆ ಒಂದು ಕಡ್ಡಿ ಸಿಕ್ಕಿಸಿ, ಕಾಂಡದಲ್ಲಿ ಇಳಿಯುವ ನೀರು ಕ್ಯಾಮೆರಾದ ಬೆನ್ನಿಗೆ ಬಾರದೆ ಪಕ್ಕಕ್ಕೆ ಹರಿಯುತ್ತದೆ. ಮುಂದಿನ ಹುಲ್ಲು, ಕೆಸು, ಶುಂಠಿ ಜಾತಿಯ ಗಿಡಗಳನ್ನು ಎರಡು ಮೀಟರ್‌ವರೆಗೆ ಕೊಯ್ದುಬಿಡಿ. ಹದಿನೈದು ದಿನಕ್ಕೆ ಮತ್ತೆ ಅಷ್ಟೇ ಎತ್ತರ ಬಂದಿರುತ್ತವೆ. ಸೆನ್ಸರ್ ಅನ್ನು ಲೋಗೆ ಇಳಿಸಿ. ಮಳೆಯ ತಂಪಿನಲ್ಲಿ ಪ್ರಾಣಿಯ ಬಿಸಿ ಹೇಗೂ ಚೆನ್ನಾಗಿ ತಿಳಿಯುತ್ತದೆ.

ಚಗಳಿ (ಕೆಂಪಿರುವೆ) ಇರುವ ಮರ ಬೇಡ. ಯಾಕೆ ಅಂತ ಪಟ್ಟಿ ಬಿಚ್ಚುವಾಗ ಗೊತ್ತಾಗುತ್ತದೆ.

ಹಸ್ತ, ಚಿತ್ತೆ: ತೆನೆ ಮತ್ತು ಕೂಗು

ಸೆಪ್ಟೆಂಬರ್ ಕೊನೆಗೆ ಮಳೆ ಹಿಂದೆಗೆಯುತ್ತದೆ. ಹುಲ್ಲು ಎದೆಯೆತ್ತರ ನಿಂತು ಗಟ್ಟಿಯಾಗಿರುತ್ತದೆ, ಜಿಂಕೆಗೆ ರುಚಿಸುವುದಿಲ್ಲ. ಗದ್ದೆಯಲ್ಲಿ ಭತ್ತ ಹಾಲುಗಾಳು. ಭೂಮಿ ಹುಣ್ಣಿಮೆಗೆ ನಾವು ಚರಗ ಚೆಲ್ಲುವ ಹೊತ್ತಿಗೆ ಅವೂ ರಾತ್ರಿ ಬಂದು ತಮ್ಮ ಪಾಲು ತಗೊಂಡಿರುತ್ತವೆ. ಈಗ ಕ್ಯಾಮೆರಾ ಗದ್ದೆಯ ಅಂಚಿನಿಂದ ಒಳಗೆ, ಕಾಡಿನತ್ತ ಇಪ್ಪತ್ತು ಮೂವತ್ತು ಹೆಜ್ಜೆ ಸರಿಯಬೇಕು. ಗದ್ದೆ ಬದಿಯ ಮಾಳದಲ್ಲಿ ಜನ ಕಾಯುತ್ತಿರುತ್ತಾರೆ, ಬ್ಯಾಟರಿ ಬೆಳಕು, ಡಬ್ಬದ ಸದ್ದು. ಪ್ರಾಣಿ ಗಡಿಯ ಒಳಗೇ ನಿಂತು ಕಿವಿ ನಿಮಿರಿಸಿ ಕಾಯುತ್ತದೆ. ಆ ನಿಂತ ಜಾಗ ಸಿಕ್ಕಿದರೆ ವರ್ಷದ ಒಳ್ಳೆಯ ಫೋಟೊ ಅಲ್ಲೇ.

ಇದೇ ಹೊತ್ತಿಗೆ ಗಂಡು ಕಡವೆಗಳ ಬೆದೆಯ ಸಮಯ ಶುರು. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಅವು ಕೆಸರಿನಲ್ಲಿ ಹೊರಳಿ, ಅದೇ ಕೆಸರು ಮೈಯಲ್ಲಿ ಮರಕ್ಕೆ ಉಜ್ಜುತ್ತವೆ. ಹೊರಳಿದ ಗುಂಡಿಯ ಹತ್ತಿರ ಸೊಂಟದೆತ್ತರಕ್ಕೆ ಒಣ ಕೆಸರು ಮೆತ್ತಿದ, ಸಿಪ್ಪೆ ಸುಲಿದ ಮರ ಕಂಡರೆ ಅಲ್ಲಿಗೆ ಕಟ್ಟಿ, ಮರದಿಂದ ನಾಲ್ಕು ಮೀಟರ್ ದೂರ. ಇಲ್ಲಿ ಫೋಟೊ ಬೇಡ, 15–20 ಸೆಕೆಂಡಿನ ವಿಡಿಯೊ ಇಡಿ. ಚುಕ್ಕೆ ಜಿಂಕೆಯ ಲೆಕ್ಕ ಬೇರೆ. ಅದರಲ್ಲಿ ಯಾವ ತಿಂಗಳು ನೋಡಿದರೂ ಕೋಡು ಬೆಳೆದ ಗಂಡೂ ಸಿಗುತ್ತದೆ, ಕೋಡು ಬಿದ್ದದ್ದೂ ಸಿಗುತ್ತದೆ.

ಅಡಿಕೆ ಕೊಯ್ಲು ಶುರುವಾದರೆ ತೋಟದೊಳಗಿನ ಕ್ಯಾಮೆರಾ ತೆಗೆದುಬಿಡಿ. ದಿನವಿಡೀ ಜನ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗೌಡನ ಫೋಟೊ ನೋಡಿ ನೀವೇನು ಮಾಡುತ್ತೀರಿ?

ಚಳಿಗಾಲ: ನೆಲ್ಲಿಮರದ ಬುಡ

ಡಿಸೆಂಬರ್, ಜನವರಿಯಲ್ಲಿ ಒಂದೇ ಒಂದು ಕ್ಯಾಮೆರಾ ಇದ್ದರೆ ನೆಲ್ಲಿಮರದ ಬುಡಕ್ಕೆ ಕಟ್ಟಿ. ಜಿಂಕೆ, ಕಡವೆ, ಕಾಡುಕುರಿ ಎಲ್ಲವೂ ನೆಲ್ಲಿಕಾಯಿಯನ್ನು ಇಡಿಯಾಗಿ ನುಂಗುತ್ತವೆ. ಆಮೇಲೆ ಎಲ್ಲೋ ಮಲಗಿ ಮೆಲುಕು ಹಾಕುವಾಗ ಬೀಜ ಉಗುಳುತ್ತವೆ. ಕಾಡಿನಲ್ಲಿ ಒಂದೇ ಕಡೆ ನೆಲ್ಲಿ ಬೀಜದ ಗುಡ್ಡೆ ಕಂಡರೆ ಅದು ಅವುಗಳ ವಿಶ್ರಾಂತಿಯ ಜಾಗ. ಅಲ್ಲಿ ಕಟ್ಟಲು ಹೋಗಬೇಡಿ, ಎದ್ದು ಹೋದರೆ ಆ ಜಾಗವನ್ನೇ ಬಿಡುತ್ತವೆ. ಅಲ್ಲಿಗೂ ನೆಲ್ಲಿಮರಕ್ಕೂ ನಡುವಿನ ಜಾಡು ಹುಡುಕಿ. ಅಮಟೆ, ತಾರೆ ಮರ ಇದ್ದರೆ ಅವೂ ಇದೇ ಕಾಲಕ್ಕೆ ಉದುರುತ್ತವೆ. ಕೊಯ್ದ ಗದ್ದೆಯ ಕೂಳೆ ಚಿಗುರಿದ್ದರೆ ಅಲ್ಲಿಗೂ ಒಂದು ಕಣ್ಣಿರಲಿ.

ಮಂಜಿನ ರಾತ್ರಿ ದೀಪದ ಬೆಳಕು ಮಂಜಿಗೇ ಬಡಿದು ವಾಪಸು ಬರುತ್ತದೆ. ಹೊಳೆ ಬದಿಯ ತಗ್ಗು ಬಿಟ್ಟು ಸ್ವಲ್ಪ ದಿಬ್ಬಕ್ಕೆ ಬನ್ನಿ. ದೂರವನ್ನು 3 ಮೀಟರ್‌ಗೆ ಇಳಿಸಿ. ರಾತ್ರಿ ದೊಡ್ಡದಾದಷ್ಟೂ ಬ್ಯಾಟರಿ ಬೇಗ ಮುಗಿಯುತ್ತದೆ. ರೀಚಾರ್ಜ್ ಸೆಲ್‌ಗಳು 1.2 ವೋಲ್ಟ್‌ನವು. ಕೆಲವು ಕ್ಯಾಮೆರಾಗಳು ತುಂಬಿದ ಸೆಲ್ಲನ್ನೂ ಖಾಲಿ ಅಂತ ತೋರಿಸುತ್ತವೆ. ಕಟ್ಟುವ ಮೊದಲು ಮನೆಯಲ್ಲಿ ಒಂದು ರಾತ್ರಿ ಓಡಿಸಿ ನೋಡಿ. ಹೊಸ ಸೆಲ್ ಹಳೆ ಸೆಲ್ ಬೆರೆಸಬೇಡಿ.

ಕಾರ್ಡ್ ತರಲು ಹೋಗುವಾಗ

ಮೂರು ದಿನಕ್ಕೊಮ್ಮೆ ಓಡಬೇಡಿ. ನಿಮ್ಮ ವಾಸನೆ ಜಾಡಿನಲ್ಲಿ ಉಳಿದಷ್ಟು ದಿನ ಕಡವೆ ಸುತ್ತು ಹಾಕಿ ಹೋಗುತ್ತದೆ. ಹದಿನೈದು ದಿನಕ್ಕೊಮ್ಮೆ ಸಾಕು, ಮಧ್ಯಾಹ್ನದ ಹೊತ್ತು. ಎರಡು ಕಾರ್ಡ್ ಇಟ್ಟುಕೊಳ್ಳಿ, ಒಂದನ್ನು ತೆಗೆದು ಇನ್ನೊಂದು ಹಾಕಿ ಬನ್ನಿ. ಕಾಡಿನಲ್ಲಿ ನಿಂತು ಫೋಟೊ ನೋಡುವ ಆಸೆ ಬೇಡ. ಕಾರ್ಡನ್ನು ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ, ಕಂಪ್ಯೂಟರಿನಲ್ಲಲ್ಲ.

ಡಿಸೆಂಬರ್‌ನಿಂದ ಮೇವರೆಗೆ ಇನ್ನೊಂದು ಎಚ್ಚರಿಕೆ ಬೇಕೇ ಬೇಕು. ಮಂಗನ ಕಾಯಿಲೆ 1957ರಲ್ಲಿ ಮೊದಲು ಕಂಡದ್ದು ನಮ್ಮದೇ ಜಿಲ್ಲೆಯಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಹರಡುವುದು ಉಣುಗಿನಿಂದ (ಉಣ್ಣೆ ಹುಳದಿಂದ). ಒಣ ತಿಂಗಳುಗಳಲ್ಲಿ ದರಕಿನಲ್ಲಿ ಎಳೆ ಉಣುಗು ಕಣ್ಣಿಗೆ ಕಾಣದಷ್ಟು ಸಣ್ಣಗೆ ಇರುತ್ತದೆ. ಪ್ರಾಣಿಯ ಜಾಡು ಅಂದರೆ ಅದರ ಜಾಗವೇ. ತುಂಬುತೋಳಿನ ಅಂಗಿ ಹಾಕಿ, ಪ್ಯಾಂಟನ್ನು ಸಾಕ್ಸ್ ಒಳಗೆ ಸೇರಿಸಿ, ಆರೋಗ್ಯ ಇಲಾಖೆಯವರು ಕೊಡುವ ಡೆಪಾ ಎಣ್ಣೆ ಹಚ್ಚಿ. ದರಕಿನ ಮೇಲೆ ಕೂರಬೇಡಿ. ಮನೆಗೆ ಬಂದ ಕೂಡಲೇ ಬಿಸಿನೀರು, ಸೋಪು, ಬಟ್ಟೆ ಬದಲು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆಶಾ ಕಾರ್ಯಕರ್ತೆಗೋ ಆಸ್ಪತ್ರೆಗೋ ತಿಳಿಸಿ. ಕಾಡಿಗೆ ಹೋಗಿ ಬಂದ ಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದೆ ಅಂತ ಡಾಕ್ಟರಿಗೆ ಮೊದಲೇ ಹೇಳಿ.

ಮಳೆಗಾಲದ ಇಂಬಳಕ್ಕೆ ಹೊಗೆಸೊಪ್ಪು, ಸುಣ್ಣ. ಅದನ್ನು ಮಲೆನಾಡಿನವರಿಗೆ ನಾನು ಹೇಳಬೇಕಾಗಿಲ್ಲ.

ಜಾಡಿನಲ್ಲಿ ತಂತಿಯ ಉರುಳು ಕಂಡರೆ ಅಥವಾ ಕಾರ್ಡಿನಲ್ಲಿ ಬಂದೂಕು ಹಿಡಿದವನು ಬಂದರೆ ನೀವೇ ಎದುರು ಹೋಗಬೇಡಿ. ಅರಣ್ಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಕಾರ್ಡನ್ನು ಹಾಗೇ ತೆಗೆದಿಡಿ. ಒಳ್ಳೆಯ ಕೋಡಿನ ಗಂಡು ಸಿಕ್ಕ ದಿನ ವಾಟ್ಸಾಪ್ ಗುಂಪಿಗೆ ಹಾಕದೆ ಇರಲು ಆಗುವುದಿಲ್ಲ, ನನಗೂ ಆಗುವುದಿಲ್ಲ. ಆದರೆ ಊರು, ಕೆರೆ, ಗುಡ್ಡದ ಹೆಸರು ಬರೆಯಬೇಡಿ. ಹಿಂದಿನ ಮೊಬೈಲ್ ಟವರ್, ಗುರುತಿನ ಬಂಡೆ ಕಂಡರೆ ಅದನ್ನು ಕತ್ತರಿಸಿ ಹಾಕಿ. ಯಾವ ಜಾಗ ಅಂತ ಯಾರಾದರೂ ಮತ್ತೆ ಮತ್ತೆ ಕೇಳಿದರೆ "ನಮ್ಮ ಹಿತ್ತಲು" ಅನ್ನಿ. ನಾನು ಹಾಗೇ ಹೇಳುವುದು.